ಎಷ್ಟು ತಾಸಿನ ಹಾದಿ?

ನಮ್ಮ ಕಡೆ ದೂರವನ್ನು ಕಿಲೋಮೀಟರಿನಲ್ಲಿ ಹೇಳುವವರು ಕಡಿಮೆ. ಬಾಗಲಕೋಟೆಯ ಬಸ್ ನಿಲ್ದಾಣದಲ್ಲಿ ನಿಂತು "ಹುನಗುಂದ ಎಷ್ಟು ದೂರ ಐತ್ರಿ?" ಎಂದು ಯಾರನ್ನಾದರೂ ಕೇಳಿ ನೋಡಿ. "ಏ, ಇಲ್ಲೇ ಐತಲ್ರೀ, ಸವಾ ತಾಸಿನ ಹಾದಿ" ಎಂಬ ಉತ್ತರ ಬರುತ್ತದೆ. ಹಿರಿಯರಾದರೆ ಹರದಾರಿ ಎನ್ನುತ್ತಿದ್ದರು. ಒಂದು ಹರದಾರಿ ಎಂದರೆ ಸುಮಾರು ಮೂರು ಮೈಲು. ಇನ್ನೂ ಹತ್ತಿರವಿದ್ದರೆ ಕೂಗಳತೆ. ಒಬ್ಬರು ಕೂಗಿದರೆ ಇನ್ನೊಬ್ಬರಿಗೆ ಕೇಳಬೇಕು, ಅಷ್ಟೇ ದೂರ. ಈ ಕೂಗಳತೆಯೆಂಬ ಮಾತು ನನಗೆ ಬಹಳ ಇಷ್ಟ. ಅದರಲ್ಲಿ ಹಾದಿಯ ಲೆಕ್ಕದ ಜೊತೆಗೆ, ಕೂಗಿದರೆ ಓಗೊಡುವವರು ಒಬ್ಬರಿದ್ದಾರೆ ಎಂಬ ಭರವಸೆಯ ಲೆಕ್ಕವೂ ಇದೆ.

ಹೆಂಗಸರಿಗೆ ಇವೆಲ್ಲಕ್ಕಿಂತ ಬೇರೆಯಾದ ಒಂದು ಅಳತೆಗೋಲು ಉಂಟು. ಅದು ತವರಿನಿಂದ ಅಳೆಯುವ ದೂರ. ಮದುವೆಯಾಗಿ ಬಂದ ಊರು ಯಾವ ನಕಾಶೆಯಲ್ಲಿ ಎಲ್ಲಿದ್ದರೇನು, ತವರಿನ ಬಸ್ಸು ದಿನಕ್ಕೆ ಎಷ್ಟು ಸಲ ಬರುತ್ತದೆ, ಕಡೆಯ ಬಸ್ಸು ಎಷ್ಟಕ್ಕೆ, ನಡುವೆ ಹೊಳೆ ಇದೆಯೇ, ಕರೆಯಲು ಬರುವವರು ಯಾರು, ಇವೇ ನಮ್ಮ ಭೂಗೋಲ. ನಾನು ಮೂವತ್ತು ವರ್ಷದಿಂದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ಅಕ್ಷಾಂಶ ರೇಖಾಂಶಗಳನ್ನು ಕರಿಹಲಗೆಯ ಮೇಲೆ ಎಳೆದು ಎಳೆದು ಸೀಮೆಸುಣ್ಣ ಸವೆಸಿದವಳು. ಆದರೂ ದೂರ ಎಂದೊಡನೆ ನನ್ನ ಮನಸ್ಸಿಗೆ ಮೊದಲು ಬರುವುದು ಇಳಕಲ್ಲಿನ ನಮ್ಮ ಮನೆಯ ಕಟ್ಟೆ.

ನಮ್ಮ ಅವ್ವನ ತವರು ಬಾದಾಮಿ. ಕೊಟ್ಟದ್ದು ಇಳಕಲ್ಲಿಗೆ. ಗುಳೇದಗುಡ್ಡ, ಕಮತಗಿ, ಅಮೀನಗಡ, ಹುನಗುಂದ ಹಾಯ್ದು ಬಂದರೆ ಸುಮಾರು 70 ಕಿ.ಮೀ. ಹಾದಿ. ಇಂದು ಕಾರಿನಲ್ಲಿ ಹೋಗುವವರು ಒಂದೂವರೆ ತಾಸಿನಲ್ಲಿ ಮುಟ್ಟುತ್ತಾರೆ. ಅವ್ವನ ಕಾಲಕ್ಕೆ ಅದು ಎರಡು ದಿನದ ಹಾದಿ. ಪಂಚಮಿ ಹತ್ತಿರ ಬಂತೆಂದರೆ ನಮ್ಮ ಸೋದರಮಾವ ಬಾದಾಮಿಯಿಂದ ಚಕ್ಕಡಿ ಹೂಡಿಕೊಂಡು ಬರುತ್ತಿದ್ದನಂತೆ. ನಡುವೆ ಒಂದು ರಾತ್ರಿ ಪರಿಚಯದವರ ಮನೆಯಲ್ಲಿ ವಸತಿ. ಶ್ರಾವಣದ ಜಿಟಿಜಿಟಿ ಮಳೆ, ಎರೆಮಣ್ಣಿನ ಹಾದಿ, ಗಾಲಿಗೆ ಮೆತ್ತಿಕೊಂಡ ರಾಡಿ, ಮೇಲೆ ಮಲಪ್ರಭೆಯ ಭಯ. ಹೊಳೆ ತುಂಬಿದ್ದರೆ ಈಚೆ ದಂಡೆಯಲ್ಲೇ ಎತ್ತು ಬಿಚ್ಚಿ ಕೂರಬೇಕು. "ಹೊಳಿ ಇಳೀಲಿಲ್ಲ ಅಂದ್ರ ಪಂಚಮಿ ದಂಡಿಮ್ಯಾಲೇ ಆಗತಿತ್ತವ್ವಾ" ಎಂದು ಅವ್ವ ನಗುತ್ತಾಳೆ. ಈಗಿನವರಿಗೆ ಇದು ಕಥೆ ಎನ್ನಿಸಬಹುದು. ಆದರೆ 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದ ತಾಲೂಕುಗಳ ಊರುಗಳಿಗೆ ನುಗ್ಗಿದ್ದನ್ನು ನಾವೆಲ್ಲ ಕಣ್ಣಾರೆ ನೋಡಿದ್ದೇವೆ. ಹೊಳೆಗೆ ಕಾಲ ಬದಲಾದದ್ದು ಗೊತ್ತಿರುವುದಿಲ್ಲ.

ಓದುವ ನಿಮ್ಮಲ್ಲಿ ಬೇರೆ ಸೀಮೆಯವರಿದ್ದರೆ ಒಂದು ಮಾತು ಹೇಳಬೇಕು. ನಮ್ಮಲ್ಲಿ ಪಂಚಮಿ ಎಂದರೆ ಬರೀ ನಾಗಪ್ಪನಿಗೆ ಹಾಲೆರೆಯುವ ಹಬ್ಬವಲ್ಲ. ಅದು ಹೆಣ್ಣುಮಕ್ಕಳ ಹಬ್ಬ. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಅಳ್ಳಿಟ್ಟು, ಡಬ್ಬಿಗಟ್ಟಲೆ ಕಟಕಟಿ ರೊಟ್ಟಿ, ಗಿಡದ ಟೊಂಗೆಗೆ ಜೋಕಾಲಿ. ಅಣ್ಣನೋ ತಮ್ಮನೋ ಬಂದು ಅಕ್ಕತಂಗಿಯರನ್ನು ತವರಿಗೆ ಕರೆದೊಯ್ಯಬೇಕು. ಹಾಗೆ ಕರೆಯಲು ಬಂದವನ ಜೊತೆ ಹೋಗುವುದೇ ಮರ್ಯಾದೆ. ತಾನಾಗಿ ಚೀಲ ಹಿಡಿದು ಹೊರಟವಳನ್ನು ಓಣಿಯವರು ಒಂದು ಥರ ನೋಡುತ್ತಾರೆ. ಕರೆಯದೆ ತವರಿಗೆ ಹೋದ ದಾಕ್ಷಾಯಣಿಯ ಗತಿ ಏನಾಯಿತೆಂದು ನಮ್ಮ ಓಣಿಯ ಮುದುಕಿಯರಿಗೆ ಪುರಾಣ ಓದದೆಯೂ ಬಾಯಿಪಾಠ.

ನನ್ನ ಪಾಲಿಗೆ ಈ ಹಾದಿ ಅವ್ವನದಕ್ಕಿಂತ ಸುಲಭದ್ದಾಗಿತ್ತು. ಬಿ.ಎಡ್. ಮುಗಿಸಿ ಮೊದಲು ಕೆಲಸಕ್ಕೆ ಸೇರಿದ್ದು ಹುನಗುಂದದಲ್ಲಿ. ಇಳಕಲ್ಲಿನಿಂದ ಕೇವಲ 13 ಕಿ.ಮೀ.; ದಿನಾ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆಗೆ ಮನೆ. ಸೊಲ್ಲಾಪುರದಿಂದ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿ ಎರಡೂ ಊರನ್ನು ಹಾಯ್ದೇ ಹೋಗುತ್ತದೆ. ಆಗ ಅದಕ್ಕೆ 13ನೇ ನಂಬರಿತ್ತು, ಈಗ 50 ಆಗಿದೆ. 1992ರಲ್ಲಿ ಬಾಗಲಕೋಟೆಗೆ ಮದುವೆಯಾಗಿ ಬಂದೆ. ಇಳಕಲ್ಲಿಗೆ ಸುಮಾರು 60 ಕಿ.ಮೀ. ಅಣ್ಣ ಪಂಚಮಿಗೆ ಬಸ್ಸಿನಲ್ಲಿ ಬಂದು ಕರೆದೊಯ್ಯುತ್ತಿದ್ದ. ಮುಂದೆ ಮೋಟರ್ ಸೈಕಲ್ ಬಂತು. ಹಿಂದೆ ನಾನು, ನಡುವೆ ಮಗಳು, ಟ್ಯಾಂಕಿನ ಮೇಲೆ ಮಗ. ಅಮೀನಗಡದಲ್ಲಿ ನಿಲ್ಲಿಸಿ ಮಕ್ಕಳಿಗೆ ಕರದಂಟು ಕೊಡಿಸದೆ ಅವನು ಗಾಡಿ ಮುಂದೆ ಬಿಡುತ್ತಿರಲಿಲ್ಲ.

ಆ ನಡುವೆ ಬಾಗಲಕೋಟೆಯೇ ಎದ್ದು ಬೇರೆ ಕಡೆ ಹೋಯಿತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂದು ಹಳೆಯ ಊರಿನ ದೊಡ್ಡ ಭಾಗ ಮುಳುಗುವುದೆಂದಾಗಿ ನವನಗರ ಕಟ್ಟಿದರು. 1997ರಲ್ಲಿ ವಿಜಾಪುರದಿಂದ ಬೇರೆಯಾಗಿ ಜಿಲ್ಲೆಯೂ ಆದೆವು. ಗೋಡೆಗೆ ಗೋಡೆ ಹಚ್ಚಿ ಕೂಗಳತೆಯಲ್ಲಿದ್ದ ನೆರೆಯವರೆಲ್ಲ ಒಂದೊಂದು ಸೆಕ್ಟರ್ ನಂಬರಾಗಿ ಹೋದರು. ಸಾರಿನ ಬಟ್ಟಲು ಹಿಡಿದು ಹೋಗುತ್ತಿದ್ದ ಮನೆಗೆ ಆಟೋರಿಕ್ಷಾ ಮಾಡಿಕೊಂಡು ಹೋಗುವಂತಾಯಿತು. ಅತ್ತಿತ್ತ ಒಂದು ಗೇಣೂ ಸರಿಯದ ಎರಡು ಮನೆಗಳ ನಡುವೆಯೂ ದೂರ ಹುಟ್ಟಬಲ್ಲದು ಎಂಬುದನ್ನು ಮಾತ್ರ ನಾನು ಆಮೇಲೆ ಕಲಿತೆ. ಆ ಮಾತು ಮುಂದೆ ಬರುತ್ತದೆ.

ಈಗ ನಮ್ಮ ಮಕ್ಕಳ ವಿಷಯ. ಮಗಳು ಕಂಪನಿಯ ಕೆಲಸದ ಮೇಲೆ ಆಮ್‌ಸ್ಟರ್‌ಡಾಮಿಗೆ ಹೋಗಿ ಅಲ್ಲೇ ನಿಂತಿದ್ದಾಳೆ. ಮಗ ಲಂಡನ್ನಿನಲ್ಲಿ ಓದಿ ಅಲ್ಲೇ ನೌಕರಿ ಹಿಡಿದ. 2024ರ ಮೇ ತಿಂಗಳಲ್ಲಿ ನಾನು ಅವ್ವನ ಆರೋಗ್ಯ ವಿಚಾರಿಸಲು ಫೋನು ಮಾಡಿದಾಗ, ಎಂಬತ್ತು ದಾಟಿದ ಅವಳು ತನ್ನ ಮೊಣಕಾಲಿನ ನೋವು ಬಿಟ್ಟು ಬೇರೆಯೇ ಪ್ರಶ್ನೆ ಕೇಳಿದಳು.

"ಅಲ್ಲವಾ, ಆ ಹುಡುಗಿ ಇರೂ ಊರಿಗೂ ಈ ಹುಡುಗ ಇರೂ ಊರಿಗೂ ಎಷ್ಟು ತಾಸಿನ ಹಾದಿ?"

"ಯಾಕಬೇ?"

"ಪಂಚಮಿಗೆ ತಮ್ಮ ಹೋಗಿ ಅಕ್ಕನ್ನ ಕರಕೊಂಡು ಬರ್ಲಿ. ನಾವು ಇಲ್ಲಿಂದ ಹೋಗಾಕಂತೂ ಆಗೂದಿಲ್ಲ. ಅವನ ಮನೀನ ಆಕಿಗೆ ತವರು ಅಂತ ತಿಳೀಲಿ."

ನಾನು ಶಿಕ್ಷಕಿಯಲ್ಲವೇ, ಪ್ರಶ್ನೆ ಬಂದಮೇಲೆ ಸುಮ್ಮನೆ ಬಿಡುವಂತಿಲ್ಲ. ಮರುದಿನವೇ ಮನೆಯಲ್ಲಿದ್ದ ಗೋಲವನ್ನು ಇಳಿಸಿ ಧೂಳು ಒರೆಸಿದೆ. ಗೋಲದ ಮೇಲೆ ಎರಡು ಊರಿನ ದೂರ ಅಳೆಯಬೇಕಾದರೆ ಅಡ್ಡಪಟ್ಟಿ ಬರುವುದಿಲ್ಲ. ದಾರ ಹಿಡಿದು ಬಿಗಿಯಾಗಿ ಎಳೆಯಬೇಕು. ಹಾಗೆ ಬಿಗಿದ ದಾರ ಹಿಡಿಯುವ ಹಾದಿಯೇ ಅತಿ ಹತ್ತಿರದ ಹಾದಿ, ವಿಮಾನಗಳೂ ಬಹುಮಟ್ಟಿಗೆ ಅದನ್ನೇ ಅನುಸರಿಸಲು ನೋಡುತ್ತವೆ. ನಮ್ಮ ಗೋಲದ ಸುತ್ತಳತೆ 94 ಸೆಂಟಿಮೀಟರ್. ಭೂಮಿಯದು 40,000 ಕಿ.ಮೀ. ಆಮ್‌ಸ್ಟರ್‌ಡಾಮಿನಿಂದ ಲಂಡನ್ನಿಗೆ ಹಿಡಿದ ದಾರ ಒಂದು ಸೆಂಟಿಮೀಟರೂ ಆಗಲಿಲ್ಲ. ವಿಮಾನ ನಿಲ್ದಾಣದಿಂದ ವಿಮಾನ ನಿಲ್ದಾಣಕ್ಕೆ ಸುಮಾರು 370 ಕಿ.ಮೀ. ನಾವು ಬಾಗಲಕೋಟೆಯಿಂದ ಬೆಂಗಳೂರಿಗೆ ಹೋಗುವುದಕ್ಕಿಂತ ಕಡಿಮೆ! ನಡುವೆ ಒಂದು ಸಮುದ್ರವಿದೆ, ಎರಡು ದೇಶ, ಎರಡು ಭಾಷೆ, ಎರಡು ಥರದ ರೊಕ್ಕ ಇವೆ ಎಂಬುದಷ್ಟೇ ವ್ಯತ್ಯಾಸ. ಅದೇ ದಾರದಲ್ಲಿ ಬಾಗಲಕೋಟೆಯಿಂದ ಇಳಕಲ್ಲಿಗೆ ಅಳೆಯಲು ಹೋದೆ. ಸಾಸಿವೆ ಕಾಳಿನಷ್ಟೇ ಆಯಿತು.

ದೂರವೇನೋ ಸಿಕ್ಕಿತು. ತಾಸು ಎಷ್ಟು? ವಿಮಾನ ಎತ್ತರಕ್ಕೆ ಏರಿದಮೇಲೆ ತಾಸಿಗೆ 800 ಕಿ.ಮೀ. ವೇಗದಲ್ಲಿ ಹೋಗುತ್ತದೆ ಎಂದು ಪುಸ್ತಕದಲ್ಲಿದೆ. ಭಾಗಿಸಿದರೆ ಅರ್ಧ ತಾಸೂ ಆಗುವುದಿಲ್ಲ. ಆದರೆ ಮಗಳು ನಕ್ಕಳು. "ಅಮ್ಮಾ, ಟಿಕೆಟ್‌ನ್ಯಾಗ ಒಂದು ತಾಸು ಇಪ್ಪತ್ತು ನಿಮಿಷ ಅಂತ ಬರದಿರ್ತಾರ" ಎಂದಳು. ಹೇಗೆ ಎಂದು ಬಿಡಿಸಿ ಹೇಳಿದಳು. ವಿಮಾನದ ವೇಳೆ ಎಣಿಸುವುದು ಅದು ಹಾರಿದ ಕ್ಷಣದಿಂದಲ್ಲ. ನಿಂತ ಜಾಗದಿಂದ ಕದಲಿದಾಗಿನಿಂದ ಆ ಊರಿನಲ್ಲಿ ಜಾಗಕ್ಕೆ ಹೋಗಿ ನಿಲ್ಲುವ ತನಕ. ಅವಳೂರಿನ ನಿಲ್ದಾಣ ಸ್ಕಿಪೋಲ್‌ನಲ್ಲಿ 2003ರಲ್ಲಿ ತೆರೆದ ಒಂದು ಓಡುದಾರಿ ಎಷ್ಟು ದೂರದಲ್ಲಿದೆಯೆಂದರೆ, ಅಲ್ಲಿಗೆ ಮುಟ್ಟಲು ವಿಮಾನ ನೆಲದ ಮೇಲೆಯೇ ಹದಿನೈದು ನಿಮಿಷ ಬಸ್ಸಿನ ಹಾಗೆ ಉರುಳಬೇಕಾಗುತ್ತದೆ. ಮೇಲೇರುವಾಗ, ಇಳಿಯುವಾಗ ವೇಗ ಕಡಿಮೆ. ಎತ್ತರದಲ್ಲಿ ಗಾಳಿ ಹೆಚ್ಚಾಗಿ ಪಡುವಣದಿಂದ ಮೂಡಣಕ್ಕೆ ಬೀಸುವುದರಿಂದ ಲಂಡನ್ನಿಗೆ ಹೋಗುವಾಗ ಎದುರುಗಾಳಿ. ಅಲ್ಲಿ ಮುಟ್ಟಿದರೂ ಇಳಿಯಲು ಸಾಲು. ಮುಂದಿನವು ಇಳಿಯುವ ತನಕ ಆಕಾಶದಲ್ಲೇ ಸುತ್ತು ಹಾಕುತ್ತಿರಬೇಕು. ನಮ್ಮ ಬಸ್ಸುಗಳು ಹುನಗುಂದದ ನಿಲ್ದಾಣದ ಬಾಗಿಲಲ್ಲಿ ಒಳಗೆ ಜಾಗವಾಗುವ ತನಕ ಕಾಯುತ್ತವಲ್ಲ, ಹಾಗೆ.

ಸ್ಕಿಪೋಲ್ ಎಂಬುದು ಒಂದು ಕೆರೆಯ ತಳವಂತೆ. ಡಚ್ಚರು 1852ರ ಹೊತ್ತಿಗೆ ಆ ದೊಡ್ಡ ಸರೋವರದ ನೀರನ್ನೆಲ್ಲ ಎತ್ತಿ ಹಾಕಿ ನೆಲ ಮಾಡಿಕೊಂಡರು. ಇಂದಿಗೂ ಆ ನಿಲ್ದಾಣ ಸಮುದ್ರಮಟ್ಟಕ್ಕಿಂತ ಕೆಳಗೇ ಇದೆ. ಇದನ್ನು ಕೇಳಿ ನಮ್ಮ ಮನೆಯವರು ಬಹಳ ಹೊತ್ತು ಮಾತಾಡಲಿಲ್ಲ. ಅವರು ಹುಟ್ಟಿ ಬೆಳೆದ ಹಳೆಯ ಮನೆ ನೀರಿಗೆ ಹೋದದ್ದು. "ಅಲ್ಲಿ ಕೆರಿ ತಗದು ನೆಲ ಮಾಡಿದ್ರು, ಇಲ್ಲಿ ನೆಲ ಕೊಟ್ಟು ಕೆರಿ ಮಾಡಿದ್ವಿ" ಎಂದರು ಕೊನೆಗೆ. ಆ ನೀರಿನಿಂದ ಎಷ್ಟೋ ಹೊಲಗಳು ಹಸಿರಾಗಿವೆ ಎಂಬುದು ಅವರಿಗೂ ಗೊತ್ತು. ಆದರೂ ಮನೆ ಮನೆಯೇ.

ಇನ್ನೊಂದು ಸೋಜಿಗ ಕೇಳಿ. ಈ ಎರಡು ಊರಿನ ನಡುವಿನ ವಿಮಾನ ಸಂಚಾರ ಹೊಸದೇನಲ್ಲ. ಡಚ್ಚರ ಕೆಎಲ್‌ಎಂ ಕಂಪನಿಯ ಮೊಟ್ಟಮೊದಲ ವಿಮಾನ ಹಾರಿದ್ದೇ ಈ ಹಾದಿಯಲ್ಲಿ, 1920ರ ಮೇ 17ರಂದು. ಲಂಡನ್ನಿನ ಕ್ರಾಯ್ಡನ್‌ನಿಂದ ಹೊರಟು ಇಬ್ಬರು ಪತ್ರಕರ್ತರನ್ನೂ ಒಂದಿಷ್ಟು ವೃತ್ತಪತ್ರಿಕೆಗಳನ್ನೂ ಹೊತ್ತು ಸ್ಕಿಪೋಲ್‌ಗೆ ಬಂದಿಳಿಯಿತು. ಆಗಿನ ಆ ಪುಟ್ಟ ವಿಮಾನಕ್ಕೆ ಎರಡು ತಾಸಿನ ಮೇಲೆ ಹಿಡಿಯುತ್ತಿತ್ತು. ವಿಮಾನ ಬೇಡವೆಂದರೆ ರೈಲೂ ಉಂಟು. ಸಮುದ್ರದ ಕೆಳಗೆ 50 ಕಿ.ಮೀ. ಸುರಂಗ 1994ರಲ್ಲೇ ಆಗಿದೆ. 2018ರಿಂದ ಲಂಡನ್ನಿನಲ್ಲಿ ಹತ್ತಿದರೆ ಆಮ್‌ಸ್ಟರ್‌ಡಾಮಿನಲ್ಲೇ ಇಳಿಯಬಹುದು, ಸುಮಾರು ನಾಲ್ಕು ತಾಸು.

ಇಷ್ಟಾದಮೇಲೆ ಗಡಿಯಾರದ ತಂಟೆ. ಲಂಡನ್ನಿಗಿಂತ ಆಮ್‌ಸ್ಟರ್‌ಡಾಮಿನ ಗಡಿಯಾರ ಒಂದು ತಾಸು ಮುಂದಿರುತ್ತದೆ. ಸಂಜೆ 5ಕ್ಕೆ ಹೊರಟು ಒಂದು ತಾಸು ಇಪ್ಪತ್ತು ನಿಮಿಷ ಪ್ರಯಾಣ ಮಾಡಿ ಇಳಿದರೆ ಲಂಡನ್ನಿನಲ್ಲಿ 5 ಗಂಟೆ 20 ನಿಮಿಷ! ಬರೀ ಇಪ್ಪತ್ತು ನಿಮಿಷ ಖರ್ಚಾದ ಹಾಗೆ. ತಿರುಗಿ ಬರುವಾಗ ಆ ಸಾಲ ಬಡ್ಡಿಯಿಲ್ಲದೆ ವಸೂಲಾಗುತ್ತದೆ. 5ಕ್ಕೆ ಹೊರಟರೆ ಇಳಿದಾಗ 7 ಗಂಟೆ 20 ನಿಮಿಷ. ಸೂರ್ಯನ ಲೆಕ್ಕದಲ್ಲಿ ಇಷ್ಟು ಅಂತರ ಬರಬಾರದು. ಭೂಮಿ ತಾಸಿಗೆ 15 ರೇಖಾಂಶ ತಿರುಗುತ್ತದೆ. ಆ ಎರಡು ಊರಿನ ನಡುವೆ ಇರುವುದು ಸುಮಾರು 5 ರೇಖಾಂಶ. ಅಂದರೆ ಇಪ್ಪತ್ತೇ ನಿಮಿಷ. ನಿಜಕ್ಕೂ ಮೊದಲು ಆಮ್‌ಸ್ಟರ್‌ಡಾಮಿನ ಗಡಿಯಾರ ಗ್ರೀನಿಚ್‌ಗಿಂತ ಸುಮಾರು ಇಪ್ಪತ್ತೇ ನಿಮಿಷ ಮುಂದಿತ್ತು. 1940ರ ಮೇ ತಿಂಗಳಲ್ಲಿ ಜರ್ಮನ್ ಸೈನ್ಯ ಬಂದು ಊರು ಹಿಡಿದಾಗ ಗಡಿಯಾರವನ್ನೂ ಜರ್ಮನಿಯ ವೇಳೆಗೆ ತಿರುಗಿಸಿತು. ಯುದ್ಧ ಮುಗಿಯಿತು, ಸೈನ್ಯ ಹೋಯಿತು, ಮುಂದೂಡಿದ ಮುಳ್ಳು ಮಾತ್ರ ಅಲ್ಲೇ ಉಳಿಯಿತು. ನನ್ನ ಒಂಬತ್ತನೇ ತರಗತಿಯ ಮಕ್ಕಳಿಗೆ ಇದನ್ನು ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಹಂಗಾರ ವೇಳೆನೂ ಆಳವರ ಮಾತು ಕೇಳತೈತೇನ್ರಿ ಟೀಚರ್?" ಎಂದಳು. ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನನಗೆ ಯಾವ ತಪಾಸಣಾಧಿಕಾರಿಯೂ ಕೇಳಿಲ್ಲ.

ಈ ಲೆಕ್ಕವನ್ನೆಲ್ಲ ಸೋಸಿ ಅವ್ವನಿಗೆ "ಒಂದು ತಾಸಿನ ಹಾದಿ" ಎಂದೆ. "ಅಷ್ಟಽಽ?" ಎಂದು ಅವಳಿಗೆ ಸಂತೋಷ. "ಹಂಗಾದ್ರ ನಮ್ಮ ಹುನಗುಂದಕ್ಕ ಹೋಗಿ ಬಂದಂಗಾತು." ಆದರೆ ವಿಷಯ ಅಷ್ಟು ಸರಳವಿರಲಿಲ್ಲ. ಮಗನಿಗೆ ಅಕ್ಕನ ದೇಶಕ್ಕೆ ಹೋಗಲು ಶೆಂಗೆನ್ ವೀಸಾ ಬೇಕು. ಮಗಳಿಗೆ ತಮ್ಮನ ದೇಶಕ್ಕೆ ಬರಲು ಬ್ರಿಟನ್ನಿನ ವೀಸಾ ಬೇಕು. ಅಲ್ಲಿಯ ಜನ ಆಗ ಒಂದು ಪಾಸ್‌ಪೋರ್ಟ್ ತೋರಿಸಿ ಹೋಗಿ ಬರುತ್ತಿದ್ದರು. ನಮ್ಮ ಮಕ್ಕಳು ಬ್ಯಾಂಕಿನ ಪುಸ್ತಕ, ನೌಕರಿಯ ಪತ್ರ, ಬೆರಳಚ್ಚು, ಮರಳಿ ಹೋಗುತ್ತೇನೆಂಬ ಪುರಾವೆ ಎಲ್ಲ ಕೊಟ್ಟು ವಾರಗಟ್ಟಲೆ ಕಾಯಬೇಕು. ಶೆಂಗೆನ್ ವೀಸಾದ ಶುಲ್ಕವಂತೂ ಅದೇ ಜೂನ್ ತಿಂಗಳಲ್ಲಿ 80 ಯೂರೋ ಇದ್ದದ್ದು 90 ಆಗಿತ್ತು. ಅವ್ವನಿಗೆ ವೀಸಾ ಎಂದರೇನೆಂದು ಹೇಗೆ ಹೇಳುವುದು? "ಅಲ್ಲಿ ಸರಕಾರದವರು ಬಾ ಅಂತ ಚೀಟಿ ಕೊಡಬೇಕಬೇ, ಚೀಟಿ ಇಲ್ಲದ ಬಿಡೂದಿಲ್ಲ" ಎಂದೆ. ಅವ್ವ ತಕ್ಷಣ, "ಅಂದ್ರ ಕರದ್ರಷ್ಟ ಹೋಗಬೇಕು ಅನ್ನು" ಎಂದಳು. ಹೆಂಗಸರಿಗೆ ವೀಸಾ ಅರ್ಥವಾಗಲು ಹೊತ್ತು ಬೇಕಿಲ್ಲ.

ಆ ಮಾತಿಗೆ ನಾವಿಬ್ಬರೂ ಸುಮ್ಮನಾದೆವು. ಏಕೆಂದರೆ ನನ್ನನ್ನು ಕರೆಯಲು ಅಣ್ಣ ಬಂದು ಆಗ ಆರು ವರ್ಷವಾಗುತ್ತ ಬಂದಿತ್ತು.

ಅಪ್ಪ ತೀರಿಕೊಂಡದ್ದು 2018ರಲ್ಲಿ. ಇಳಕಲ್ಲಿನ ಮನೆ, ಊರ ಹೊರಗೆ ಎಂಟು ಎಕರೆ ಎರೆ ಹೊಲ, ಇಷ್ಟೇ ಆಸ್ತಿ. ವರ್ಷಾಂತಕದ ದಿನ ಅಣ್ಣ ಒಂದು ಕಾಗದ ತಂದ. ಅದರ ಜೊತೆಗೆ ಒಂದು ಇಳಕಲ್ ಸೀರೆ. ಕೆಂಪು ರೇಷ್ಮೆಯ ಟೋಪ್ ತೆನೆ ಸೆರಗು, ಅದಕ್ಕೆ ಒಪ್ಪುವ ಗುಳೇದಗುಡ್ಡದ ಖಣ. ಕಾಗದ ಹಕ್ಕು ಬಿಡುಗಡೆ ಪತ್ರ. ನಮ್ಮಲ್ಲಿ ಇದು ಹೊಸದಲ್ಲ. ಅಕ್ಕತಂಗಿಯರು ಉಪನೋಂದಣಿ ಕಚೇರಿಗೆ ಬಂದು ಸಹಿ ಹಾಕುತ್ತಾರೆ, ಸೀರೆ ಉಟ್ಟುಕೊಂಡು ಊಟ ಮಾಡಿ ಹೋಗುತ್ತಾರೆ. ನಾನು ಸಹಿ ಹಾಕಲಿಲ್ಲ. "ಅವ್ವ ಇರೂತನಕ ಹೊಲ ನೀನ ಮಾಡು, ನನಗ ಏನೂ ಬ್ಯಾಡ. ಆದ್ರ ಸಹಿ ಕೇಳಬ್ಯಾಡ" ಎಂದೆ. ಅಣ್ಣ ಜಗಳವಾಡಲಿಲ್ಲ. ಕಾಗದ ಮಡಚಿ ಕಿಸೆಯಲ್ಲಿಟ್ಟುಕೊಂಡ. ಸೀರೆಯನ್ನು ಅಲ್ಲೇ ಬಿಟ್ಟ. ಆ ವರ್ಷದ ಪಂಚಮಿಗೆ ಬರಲಿಲ್ಲ. ಹೊಳೆ ಬಂದಿದೆಯಲ್ಲ, ಅದಕ್ಕೇ ಎಂದುಕೊಂಡೆ. ಮರುವರ್ಷ ಕೊರೋನಾ ಎಂದುಕೊಂಡೆ. ಆಮೇಲೆ ಅಂದುಕೊಳ್ಳಲು ಏನೂ ಉಳಿಯಲಿಲ್ಲ.

ನಾನು ಯಾಕೆ ಸಹಿ ಹಾಕಲಿಲ್ಲ ಎಂದು ನೀವು ಕೇಳಬಹುದು. ಎಂಟು ಎಕರೆಯ ಆಸೆಯೇ? ನಮಗಿಬ್ಬರಿಗೂ ಪಗಾರವಿದೆ. ಆದರೆ ಕರಿಹಲಗೆಯ ಮುಂದೆ ನಿಂತು ಹೆಣ್ಣುಮಕ್ಕಳಿಗೂ ಸಮಾನ ಹಕ್ಕಿದೆ ಎಂದು ಕಲಿಸುವವಳು ನಾನು. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲಿನ ಕಾಯಿದೆ ತಂದಿತು. ಆದರೆ ಅದಕ್ಕಿಂತ ಮೊದಲೇ ಮದುವೆಯಾದವರಿಗೆ ಅದು ಅನ್ವಯಿಸುತ್ತಿರಲಿಲ್ಲ. ನನ್ನ ಮದುವೆ ಎರಡು ವರ್ಷ ಮೊದಲೇ ಆಗಿತ್ತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಜಾರಿಗೆ ಬಂದು ಮದುವೆಯಾದವರಿಗೂ ಹಕ್ಕು ಕೊಟ್ಟಿತು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ, ಈ ಹಕ್ಕು ಮಗಳಿಗೆ ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿದ್ದನೇ ಇಲ್ಲವೇ ಎಂಬುದು ಮುಖ್ಯವಲ್ಲ ಎಂದು ಹೇಳಿತು. ಹುಟ್ಟಿನಿಂದ ಬಂದದ್ದನ್ನು ಒಂದು ಸೀರೆಗೆ ಬಿಡುವುದೇ? ಅದಕ್ಕಿಂತ ಹೆಚ್ಚಾಗಿ, ಅವತ್ತು ಮಗಳು ಫೋನಿನಲ್ಲಿ ಕೇಳಿದ ಮಾತು: "ಅಮ್ಮಾ, ನೀ ಸಹಿ ಮಾಡಿದ್ರ, ನಾಳೆ ತಮ್ಮ ನನ್ನ ಕಡೆನೂ ಕಾಗದ ತರತಾನೇನು?" ಅದಕ್ಕೆ ಸಹಿಯಲ್ಲದೆ ಬೇರೆ ಉತ್ತರ ಕೊಡಬೇಕಾಗಿತ್ತು.

ಹೀಗೆ ಬಾಗಲಕೋಟೆಗೂ ಇಳಕಲ್ಲಿಗೂ ನಡುವೆ ದೂರ ಹುಟ್ಟಿತು. ಹಕ್ಕಿಯ ಹಾಗೆ ನೇರ ಹಾರಿದರೆ 50 ಕಿ.ಮೀ.ಯ ಆಸುಪಾಸು. ಆ ದೊಡ್ಡ ವಿಮಾನದ ವೇಗದಲ್ಲಾದರೆ ನಾಲ್ಕು ನಿಮಿಷ. ನಮಗೆ ಆರು ವರ್ಷ ಹಿಡಿದಿತ್ತು. ಅವ್ವನನ್ನು ನೋಡಲು ಹೋಗುತ್ತಿರಲಿಲ್ಲವೆಂದಲ್ಲ. ಅಣ್ಣ ಸಂತೆಗೆ ಹೋದ ದಿನ ನೋಡಿ ಹೋಗಿ, ಬಾಗಿಲಲ್ಲೇ ಮಾತಾಡಿಸಿ, ಸಂಜೆಯ ಬಸ್ಸಿಗೆ ಬರುತ್ತಿದ್ದೆ. ಹಬ್ಬಕ್ಕೆ ಮಾತ್ರ ಹೋಗುತ್ತಿರಲಿಲ್ಲ. ವೈನಿ ಗುಟ್ಟಾಗಿ ಉಂಡಿ ಕಟ್ಟಿ ಕೊಟ್ಟು ಕಳಿಸುತ್ತಿದ್ದಳು.

2024ರ ಪಂಚಮಿ ಆಗಸ್ಟ್ 9ರಂದು, ಶುಕ್ರವಾರ. ಮಗಳ ವೀಸಾ ಜುಲೈ ಕೊನೆಗೆ ಬಂತು. ಮಗನಿಗೆ ಬೆರಳಚ್ಚು ಕೊಡಲು ದಿನವೇ ಸಿಗಲಿಲ್ಲ. ಬೇಸಿಗೆಯ ರಜೆಯ ಗದ್ದಲ, ಎಲ್ಲ ಭರ್ತಿ. ಕರೆಯಲು ಹೋಗಬೇಕಾದ ತಮ್ಮ ಲಂಡನ್ನಿನಲ್ಲೇ ಉಳಿದ. ಮಗಳು ಏನು ಮಾಡುತ್ತಾಳೋ ಎಂದು ನಾನು ಕಾದೆ. ಅವಳು ಗುರುವಾರ ಮಧ್ಯಾಹ್ನ 2ಕ್ಕೆ ಮನೆಗೆ ಬೀಗ ಹಾಕಿ, ತಾನೇ ಕಟ್ಟಿದ ಸೊಟ್ಟ ಸೊಟ್ಟ ಶೇಂಗಾ ಉಂಡಿಯ ಡಬ್ಬಿ ಹಿಡಿದು ಹೊರಟಳು. ತಪಾಸಣೆಯವರು ಡಬ್ಬಿ ತೆರೆಸಿ ನೋಡಿದರಂತೆ. 5ಕ್ಕೆ ವಿಮಾನ ಕದಲಿತು, ಲಂಡನ್ನಿನ 5.20ಕ್ಕೆ ನಿಂತಿತು. ಅಲ್ಲಿಂದ ಸಾಲು, ಸುರಂಗ ರೈಲು, ನಡಿಗೆ. ತಮ್ಮನ ಬಾಗಿಲು ಮುಟ್ಟಿದಾಗ ಅಲ್ಲಿ ಸಂಜೆ 7.30, ನಮಗೆ ರಾತ್ರಿ 12. ಒಂದು ತಾಸಿನ ಹಾದಿಗೆ ಒಟ್ಟು ಆರೂವರೆ ತಾಸು. ಇಬ್ಬರೂ ಉಂಡಿ ಹಿಡಿದು ತೆಗೆಸಿಕೊಂಡ ಫೋಟೋ ಬಂತು. ಕೆಳಗೆ ಮಗಳು ಬರೆದಿದ್ದಳು: "ಕರಿಯಾಕ ಬರಲಿಲ್ಲ ಅಂತ ನಾ ಕುಂತಿದ್ರ ಹಬ್ಬ ಹೋಗತಿತ್ತು. ನಾನ ಬಂದೆ."

ಬೆಳಗಾಗುವುದರೊಳಗೆ ಅವ್ವನಿಗೆ ಫೋನು ಮಾಡಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಮತ್ತೆ, "ತಾನಽ ಹೋದಳಾ?" ಎಂದಳು. "ಹೂಂ" ಎಂದೆ. "ಅಷ್ಟು ದೊಡ್ಡ ಸಮುದ್ರ ದಾಟಿ?" "ಹೂಂ." ಇನ್ನೂ ಸ್ವಲ್ಪ ಹೊತ್ತಾಯಿತು. "ನಿನಗ ನಡುವ ಬರೇ ಮಲಪ್ರಭಾ ಐತಲ್ಲ" ಎಂದಳು ಅವ್ವ. "ಅದಕ್ಕೂ ಪೂಲು ಕಟ್ಟ್ಯಾರ. ನಾ ಕರದೀನಿ, ಬಾ. ಈ ಮನಿಗೆ ನಾ ಇನ್ನೂ ಅದೀನಿ."

ದಾಕ್ಷಾಯಣಿಯನ್ನು ತಂದೆ ಕರೆಯಲಿಲ್ಲ, ಸರಿ. ಅವಳ ತಾಯಿ ಕರೆದಿದ್ದಳೋ ಇಲ್ಲವೋ ನಮಗೆ ಯಾರೂ ಹೇಳಿಲ್ಲ. ನಾನು ರಜೆ ಹಾಕಿಯೇ ಇದ್ದೆ. ಮನೆಯವರು ಬಸ್ ನಿಲ್ದಾಣದ ತನಕ ಬಂದು ಬಿಟ್ಟರು. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ತುಂಬ ಹೆಂಗಸರು, ಮಕ್ಕಳು, ಉಂಡಿಯ ಡಬ್ಬಿಗಳು. 2023ರ ಜೂನ್ 11ರಿಂದ ರಾಜ್ಯದ ಸಾರಿಗೆ ಬಸ್ಸುಗಳಲ್ಲಿ ನಮಗೆ ಟಿಕೆಟ್ಟಿನ ಹಣವಿಲ್ಲ. ಆಧಾರ್ ಕಾರ್ಡು ತೋರಿಸಿದರೆ ಕಂಡಕ್ಟರು ಸೊನ್ನೆಯ ಟಿಕೆಟ್ಟು ಹರಿದು ಕೊಡುತ್ತಾರೆ. ಅದರ ಬಗ್ಗೆ ಯಾರು ಏನು ಬೇಕಾದರೂ ವಾದ ಮಾಡಲಿ. ನನ್ನ ಪಕ್ಕದಲ್ಲಿ ನಿಂತ ಕಮತಗಿಯ ಹೆಣ್ಣುಮಗಳು, "ಅಣ್ಣ ಬರತೇನಿ ಅಂದಿದ್ದ, ಬರಲಿಲ್ರೀ. ಇವರು ರೊಕ್ಕ ಕೊಡಲಿಲ್ಲ. ನಾನ ಹೊಂಟೆ" ಎಂದು ನಕ್ಕಾಗ, ಅಣ್ಣನ ಕರೆ ಮತ್ತು ಗಂಡನ ರೊಕ್ಕ ಎಂಬ ಎರಡು ವೀಸಾಗಳ ಪೈಕಿ ಒಂದಾದರೂ ರದ್ದಾಗಿದೆಯಲ್ಲ ಎನ್ನಿಸಿತು. ಹೊಳೆ ದಾಟುವಾಗ ಬಸ್ಸಿನಲ್ಲಿದ್ದ ನಾಲ್ಕೈದು ಮಂದಿ ಕೈ ಮುಗಿದರು, ನಾನೂ ಮುಗಿದೆ.

ಇಳಕಲ್ಲಿನ ಮನೆಯ ಕಟ್ಟೆಯ ಮೇಲೆ ಅಣ್ಣ ಪೇಪರು ಹಿಡಿದು ಕೂತಿದ್ದ. ನನ್ನನ್ನು ನೋಡಿ ಎದ್ದ. ತಲೆಯೆಲ್ಲ ಬೆಳ್ಳಗಾಗಿತ್ತು. ಏನು ಹೇಳಬೇಕೆಂದು ಅವನಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. "ಬಸ್ಸಿನ್ಯಾಗ ಕೂಡಾಕ ಜಾಗ ಸಿಕ್ಕಿತ್ತೇನು?" ಎಂದ. "ಅಮೀನಗಡದಾಗ ಸಿಕ್ತು" ಎಂದೆ. ಅಷ್ಟೇ. ಒಳಗೆ ಅವ್ವ ಗೋಡೆ ಹಿಡಿದು ನಡೆದು ಬಂದು ನನ್ನ ಕೆನ್ನೆ ಸವರಿದಳು. ವೈನಿ ಕಾಲಿಗೆ ನೀರು ಕೊಟ್ಟಳು. ಹಾಲೆರೆದೆವು. ಸಂಜೆ ಮಕ್ಕಳು ಲಂಡನ್ನಿನಿಂದ ವಿಡಿಯೋ ಫೋನು ಮಾಡಿದರು. "ಆಯೀ, ನಿಮ್ಮ ಮಗಳು ಬಂದಳೇನ್ರಿ?" ಎಂದು ಮಗಳು ಕೇಳಿದಾಗ ಅಣ್ಣ ಪಕ್ಕದಲ್ಲೇ ಇದ್ದ. ಅವಳ ಸೊಟ್ಟ ಉಂಡಿಗಳನ್ನು ನೋಡಿ ಆರು ವರ್ಷದಲ್ಲಿ ಮೊದಲ ಸಲ ನನ್ನೆದುರು ನಕ್ಕ.

ಕಾಗದದ ಮಾತು ಅವನು ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಅದು ಮುಗಿದುಹೋಯಿತೆಂದು ನಾನು ತಿಳಿದಿಲ್ಲ. ಆ ಕಾಗದ ಇನ್ನೂ ಯಾವುದೋ ಟ್ರಂಕಿನಲ್ಲಿ ಇದ್ದೀತು, ನನ್ನ ಸಹಿ ನನ್ನ ಕೈಯಲ್ಲೇ ಇದೆ. ರವಿವಾರ ಹೊರಟು ನಿಂತಾಗ ಅಣ್ಣ ಮೋಟರ್ ಸೈಕಲ್ ತೆಗೆದ. ಇಳಕಲ್ಲಿನ ನಿಲ್ದಾಣಕ್ಕೆ ಬಿಡುತ್ತಾನೆಂದುಕೊಂಡೆ. ಅವನು ನಿಲ್ದಾಣ ದಾಟಿ ಹೆದ್ದಾರಿ ಹಿಡಿದ. "ಹುನಗುಂದದಾಗ ಬಾಗಲಕೋಟಿ ಬಸ್ ಭಾಳ ಸಿಗತಾವ" ಎಂದಷ್ಟೇ ಹೇಳಿದ. ಇಳಕಲ್ಲಿನಿಂದಲೂ ಸಿಗುತ್ತವೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಬಿಸಿಲು ಮಳೆ ಎರಡೂ ಇದ್ದವು. ಹುನಗುಂದದಲ್ಲಿ ಬಸ್ಸು ಹತ್ತಿಸಿ, ಕಿಟಕಿಯಲ್ಲಿ ಚೀಲ ಕೊಟ್ಟು, ಬಸ್ಸು ಕದಲುವ ತನಕ ನಿಂತಿದ್ದ.

ಅರವತ್ತು ಕಿಲೋಮೀಟರಿನ ಹಾದಿಯಲ್ಲಿ ಅವನು ಹದಿಮೂರು ಬಂದ. ಉಳಿದದ್ದು ನಲವತ್ತೇಳು. ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ, ಶಿಕ್ಷಕಿಯಲ್ಲವೇ.